1947–1955ರ ಶೆವ್ರೊಲೆ ಪಿಕಪ್ ಯಾವ ವರ್ಷದ್ದೆಂದು ಗುರುತಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡನೇ ಮಹಾಯುದ್ಧ ಮುಗಿದ ಮೇಲೆ, ಶೆವ್ರೊಲೆ ಗಾಡಿಗಳನ್ನು ತಯಾರಿಸುವ ಅಮೆರಿಕದ ಜನರಲ್ ಮೋಟರ್ಸ್ ಸಂಪೂರ್ಣ ಹೊಸದಾಗಿ ರೂಪಿಸಿ ಮಾರುಕಟ್ಟೆಗೆ ತಂದ ಮೊದಲ ವಾಹನಗಳು ಟ್ರಕ್‌ಗಳು. 1947ರ ಬೇಸಿಗೆಯಲ್ಲಿ ಬಂದ ಆ ಸರಣಿಗೆ ಕಂಪನಿ ‘ಅಡ್ವಾನ್ಸ್ ಡಿಸೈನ್’ ಎಂದು ಹೆಸರಿಟ್ಟಿತು, ಮತ್ತು ಅದು 1955ರ ಮಾರ್ಚ್‌ವರೆಗೆ ನಡೆಯಿತು. ಗುಂಡಗಿನ ಬಾನೆಟ್ಟು, ಉಬ್ಬಿದ ಮಡ್‌ಗಾರ್ಡ್, ಅಡ್ಡಪಟ್ಟಿಗಳ ಗ್ರಿಲ್ಲು ಇರುವ ಈ ಪಿಕಪ್‌ಗಳನ್ನು ರಸ್ತೆಯ ಆಚೆ ನಿಂತು ನೋಡಿದರೆ ಎಲ್ಲವೂ ಒಂದೇ ಅಚ್ಚಿನಿಂದ ತೆಗೆದಂತೆ ಕಾಣುತ್ತವೆ. ಹತ್ತಿರ ಹೋದರೆ ಮಾತ್ರ ಹೆಚ್ಚುಕಡಿಮೆ ಪ್ರತಿ ವರ್ಷಕ್ಕೂ ಒಂದೊಂದು ಬದಲಾವಣೆ ಕಣ್ಣಿಗೆ ಬೀಳುತ್ತದೆ. ಅಮೆರಿಕದಲ್ಲಿ ನೆಲೆಸಿ ಇಂಥದೊಂದು ಗಾಡಿಯನ್ನು ಕೊಂಡ ಕನ್ನಡಿಗರೂ, ನಮ್ಮಲ್ಲೇ ಹಳೆಯ ಮನೆಯ ಕೊಟ್ಟಿಗೆಯಲ್ಲಿ ಇಂಥದೊಂದನ್ನು ಕಂಡವರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ನಿಖರವಾದ ವರ್ಷ ತಿಳಿಯುವ ಅಗತ್ಯವಾದರೂ ಏನು? ‘ಐವತ್ತರ ಆಸುಪಾಸಿನದು’ ಎಂದರೆ ಸಾಲದೇ?

ಗಾಡಿಯನ್ನು ನಿಲ್ಲಿಸಿ ನೋಡುವುದಷ್ಟೇ ಉದ್ದೇಶವಾದರೆ ಸಾಕು. ಆದರೆ ಬಿಡಿಭಾಗ ತರಿಸುವ ದಿನ ಬಂದಾಗ ಈ ಅಂದಾಜು ಉಪಯೋಗಕ್ಕೆ ಬಾರದು. 1950ರ ಬಾಗಿಲಿಗೆ ತರಿಸಿದ ಗಾಜು 1951ರ ಬಾಗಿಲಿಗೆ ಕೂರುವುದಿಲ್ಲ. 1953ರ ಮುಂಗಾಜಿಗೂ 1954ರ ಮುಂಗಾಜಿಗೂ ಸಂಬಂಧವೇ ಇಲ್ಲ. ದೂರದಿಂದ ಹಡಗಿನಲ್ಲಿ ಬಂದ ಭಾಗವನ್ನು ಹಿಂದಿರುಗಿಸುವ ಖರ್ಚು ಕೆಲವೊಮ್ಮೆ ಅದರ ಬೆಲೆಯನ್ನೇ ಮೀರುತ್ತದೆ. ಬೆಲೆ ಕಟ್ಟುವಾಗ, ವಿಮೆ ಮಾಡಿಸುವಾಗ, ದಾಖಲೆ ಸರಿಪಡಿಸುವಾಗಲೂ ವರ್ಷವೇ ಮೊದಲ ಪ್ರಶ್ನೆಯಾಗುತ್ತದೆ.

ದಾಖಲೆಪತ್ರದಲ್ಲಿ ವರ್ಷ ಬರೆದಿದೆ. ಅದನ್ನೇ ನಂಬಬಹುದೇ?

ನಂಬಿಕೆಗೆ ಮೊದಲು ಮೂರು ವರ್ಷಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು. ಗಾಡಿ ಕಾರ್ಖಾನೆಯಿಂದ ಹೊರಬಿದ್ದ ತಿಂಗಳು ಒಂದು, ಕಂಪನಿ ಅದನ್ನು ಯಾವ ವರ್ಷದ ಮಾದರಿ ಎಂದು ಕರೆಯಿತು ಎಂಬುದು ಇನ್ನೊಂದು, ಮಾರಾಟವಾಗಿ ಸರ್ಕಾರಿ ಪುಸ್ತಕದಲ್ಲಿ ಸೇರಿದ ವರ್ಷ ಮತ್ತೊಂದು. ಹೊಸ ವರ್ಷದ ಮಾದರಿಯ ತಯಾರಿಕೆ ಹಿಂದಿನ ವರ್ಷದ ಕೊನೆಯಲ್ಲೇ ಆರಂಭವಾಗುವುದುಂಟು. ವಿತರಕರ ಅಂಗಳದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಗೆ ಮಾರಿದ ವರ್ಷವನ್ನೇ ದಾಖಲೆಯಲ್ಲಿ ಬರೆದದ್ದೂ ಆ ಕಾಲದ ಅಮೆರಿಕದ ಹಲವು ರಾಜ್ಯಗಳಲ್ಲಿ ಸಾಮಾನ್ಯವಾಗಿತ್ತು. ಅಷ್ಟೇ ಅಲ್ಲ, ಕೆಲವು ರಾಜ್ಯಗಳು ಗಾಡಿಯ ಸಂಖ್ಯೆಯ ಬದಲು ಎಂಜಿನ್ನಿನ ಸಂಖ್ಯೆಯನ್ನೇ ದಾಖಲೆಗೆ ಹಾಕುತ್ತಿದ್ದವು. ಹಾಗಾಗಿ ಮುಂದೆ ಎಂಜಿನ್ ಬದಲಾದಾಗ ಕಾಗದಕ್ಕೂ ಗಾಡಿಗೂ ತಾಳೆಯೇ ತಪ್ಪಿಹೋಯಿತು. ಆದ್ದರಿಂದ ಕಾಗದವನ್ನು ಒಂದು ಸಾಕ್ಷಿಯಾಗಿ ಮಾತ್ರ ಇಟ್ಟುಕೊಂಡು ಗಾಡಿಯನ್ನೇ ಕೇಳುವುದು ಸರಿಯಾದ ದಾರಿ.

ಹಾಗಾದರೆ ಮೊದಲು ಎಲ್ಲಿ ನೋಡಬೇಕು?

ಚಾಲಕನ ಕಡೆಯ ಬಾಗಿಲನ್ನು ಪೂರ್ತಿ ತೆರೆದು ಬಾಗಿಲಿನ ಕಂಬವನ್ನು ನೋಡಿ. ಅಲ್ಲಿ ಅಂಗೈಗಿಂತ ಚಿಕ್ಕದಾದ ತಗಡಿನ ಫಲಕವೊಂದು ಇರುತ್ತದೆ, ಗಾಡಿಯ ಸರಣಿ ಸಂಖ್ಯೆಯನ್ನು ಅದರ ಮೇಲೆ ಒತ್ತಿರುತ್ತಾರೆ. 1952ರವರೆಗಿನ ಫಲಕ ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಿಯ ಬಣ್ಣದ ಅಕ್ಷರಗಳದ್ದು. 1953ರಲ್ಲಿ ಹಿನ್ನೆಲೆ ನೀಲಿಯಾಯಿತು.

ಎಪ್ಪತ್ತು ವರ್ಷಗಳಲ್ಲಿ ಈ ಫಲಕದ ಮೇಲೆ ಮೂರು ನಾಲ್ಕು ಸಲವಾದರೂ ಬಣ್ಣ ಬಳಿದಿರುತ್ತಾರೆ. ಅದನ್ನು ಉಪ್ಪುಕಾಗದ ಹಾಕಿ ಉಜ್ಜುವುದು ದೊಡ್ಡ ತಪ್ಪು, ಏಕೆಂದರೆ ಬಣ್ಣದ ಜೊತೆಗೆ ಅಕ್ಷರದ ಅಂಚೂ ಸವೆದುಹೋಗುತ್ತದೆ. ಬಣ್ಣ ಮೆತ್ತಗಾಗಿಸುವ ದ್ರಾವಣದಲ್ಲಿ ಹತ್ತಿಯನ್ನು ಅದ್ದಿ, ಫಲಕದ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿದು, ಮರದ ಕಡ್ಡಿಯಿಂದ ಒಂದೊಂದೇ ಪದರ ಎಬ್ಬಿಸಬೇಕು. ನಾನು ಹೀಗೆ ಬಿಡಿಸಿದ ಒಂದು ಫಲಕದಲ್ಲಿ ಮೊದಲು ಹಸಿರು, ಅದರಡಿ ಕೆಂಪು, ಅದರಡಿ ಬೂದು ಪದರ ಬಂದು, ಕಟ್ಟಕಡೆಗೆ ಕಪ್ಪು ನೆಲ ಕಾಣಿಸಿತು. ಅಷ್ಟಾದರೂ ಓದಲು ಆಗಲಿಲ್ಲ. ದೀಪ ಆರಿಸಿ, ಟಾರ್ಚನ್ನು ಫಲಕಕ್ಕೆ ಅಂಟಿದಂತೆ ಪಕ್ಕದಿಂದ ಹಿಡಿದಾಗ ತಗ್ಗಿನಲ್ಲಿ ನೆರಳು ನಿಂತು ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ನೇರ ಬೆಳಕಿನಲ್ಲಿ ಕಾಣದ್ದು ಓರೆ ಬೆಳಕಿನಲ್ಲಿ ಕಾಣುತ್ತದೆ, ಇದನ್ನು ಮರೆಯಬೇಡಿ.

1947ರಿಂದ 1952ರವರೆಗಿನ ಸಂಖ್ಯೆಯನ್ನು ಓದುವುದು ಹೇಗೆ?

ಉದಾಹರಣೆಗೆ ಫಲಕದಲ್ಲಿ ‘3 ಎಚ್ ಪಿ ಡಿ 2417’ ಎಂದು ಇದೆಯೆಂದುಕೊಳ್ಳಿ. ಮೊದಲ ಅಂಕಿ ಕಾರ್ಖಾನೆಯದು, ಮುಂದಿನ ಅಕ್ಷರ ವರ್ಷದ್ದು, ಅದರ ಮುಂದಿನದು ಗಾಡಿಯ ಹೊರೆಯ ವರ್ಗದ್ದು, ಮೂರನೆಯ ಅಕ್ಷರ ತಿಂಗಳಿನದು, ಕೊನೆಯದು ಆ ಕಾರ್ಖಾನೆಯ ಕ್ರಮಸಂಖ್ಯೆ.

ವರ್ಷದ ಅಕ್ಷರ ಹೀಗಿದೆ: 1947ಕ್ಕೆ ಇ, 1948ಕ್ಕೆ ಎಫ್, 1949ಕ್ಕೆ ಜಿ, 1950ಕ್ಕೆ ಎಚ್, 1951ಕ್ಕೆ ಜೆ, 1952ಕ್ಕೆ ಕೆ. ಐ ಅಕ್ಷರವನ್ನು ವರ್ಷಕ್ಕೆ ಬಳಸಿಲ್ಲ. ವರ್ಗದಲ್ಲಿ ಪಿ ಎಂದರೆ ಅರ್ಧ ಟನ್, ಆರ್ ಎಂದರೆ ಮುಕ್ಕಾಲು ಟನ್, ಎಸ್ ಎಂದರೆ ಒಂದು ಟನ್. ತಿಂಗಳು ಜನವರಿಗೆ ಎ ಎಂದು ಆರಂಭವಾಗಿ ಡಿಸೆಂಬರ್‌ಗೆ ಎಲ್ ಎಂದು ಮುಗಿಯುತ್ತದೆ. ಕಾರ್ಖಾನೆಗಳಲ್ಲಿ 1 ಫ್ಲಿಂಟ್, 2 ಟ್ಯಾರಿಟೌನ್, 3 ಸೇಂಟ್ ಲೂಯಿಸ್, 5 ಕಾನ್ಸಾಸ್ ಸಿಟಿ, 6 ಓಕ್ಲೆಂಡ್, 8 ಅಟ್ಲಾಂಟಾ, 9 ನಾರ್ವುಡ್, 14 ಬಾಲ್ಟಿಮೋರ್, 21 ಜೇನ್ಸ್‌ವಿಲ್. ಕ್ರಮಸಂಖ್ಯೆ ಪ್ರತಿ ಕಾರ್ಖಾನೆಯಲ್ಲೂ ಪ್ರತಿ ವರ್ಷ 1001ರಿಂದ ಹೊಸದಾಗಿ ಆರಂಭವಾಗುತ್ತಿತ್ತು. ಆದ್ದರಿಂದ ಮೇಲಿನ ಉದಾಹರಣೆಯ ಗಾಡಿ ಸೇಂಟ್ ಲೂಯಿಸ್ ಕಾರ್ಖಾನೆಯಲ್ಲಿ ಏಪ್ರಿಲ್ ತಿಂಗಳಲ್ಲಿ ತಯಾರಾದ 1950ರ ಅರ್ಧ ಟನ್ನಿನ ಪಿಕಪ್.

ಒಂದು ಎಚ್ಚರಿಕೆ ಬೇಕು. ವರ್ಷದ ಅಕ್ಷರ ಹೇಳುವುದು ಮಾದರಿ ವರ್ಷವನ್ನು, ಕ್ಯಾಲೆಂಡರಿನ ವರ್ಷವನ್ನಲ್ಲ. ತಿಂಗಳಿನ ಜಾಗದಲ್ಲಿ ಎಲ್ ಇದ್ದು ಕ್ರಮಸಂಖ್ಯೆ ತೀರ ಚಿಕ್ಕದಾಗಿದ್ದರೆ, ಆ ಗಾಡಿ ಹಿಂದಿನ ವರ್ಷದ ಡಿಸೆಂಬರಿನಲ್ಲೇ ತಯಾರಾಗಿರಬೇಕು ಎಂದು ತರ್ಕಿಸಬೇಕಾಗುತ್ತದೆ.

1953ರ ನಂತರವೂ ಇದೇ ಕ್ರಮವೇ?

ಅಲ್ಲ. 1953ರಲ್ಲಿ ಮೊದಲ ಅಕ್ಷರ ಹೊರೆಯ ವರ್ಗದ್ದಾಯಿತು: ಅರ್ಧ ಟನ್ನಿಗೆ ಎಚ್, ಮುಕ್ಕಾಲಿಗೆ ಜೆ, ಒಂದು ಟನ್ನಿಗೆ ಎಲ್. ಅದರ ಮುಂದೆ 53 ಅಥವಾ 54 ಎಂದು ವರ್ಷವೇ ನೇರವಾಗಿ ಬರುತ್ತದೆ, ಬಳಿಕ ಕಾರ್ಖಾನೆಯ ಹೆಸರಿನ ಮೊದಲ ಅಕ್ಷರ. ಇಲ್ಲಿ ಬಹಳ ಮಂದಿ ಎಡವುವ ಜಾಗ ಯಾವುದೆಂದರೆ ಎಚ್ ಅಕ್ಷರ. 1950ರ ಗಾಡಿಯಲ್ಲಿ ಎಚ್ ಎಂದರೆ ವರ್ಷ, 1953ರ ಗಾಡಿಯಲ್ಲಿ ಎಚ್ ಎಂದರೆ ಅರ್ಧ ಟನ್. ಅಕ್ಷರಕ್ಕಿಂತ ಮೊದಲು ಕಾರ್ಖಾನೆಯ ಅಂಕಿ ಇದೆಯೇ ಇಲ್ಲವೇ ಎಂದು ನೋಡಿದರೆ ಈ ಗೊಂದಲ ಹುಟ್ಟುವುದೇ ಇಲ್ಲ.

ಫಲಕ ಕಳೆದುಹೋಗಿದೆ. ಗಾಡಿಯ ಮೈ ನೋಡಿಯೇ ವರ್ಷ ಹೇಳಬಹುದೇ?

ಹೇಳಬಹುದು, ತಾಳ್ಮೆ ಇದ್ದರೆ. ಅತ್ಯಂತ ಉಪಯುಕ್ತವಾದ ಗುರುತುಗಳು ಬಾಗಿಲಿನಲ್ಲೇ ಇವೆ, ಅದಕ್ಕಾಗಿ ಅಲ್ಲಿಂದಲೇ ಆರಂಭಿಸೋಣ.

ಬಾಗಿಲಿನ ಕಿಟಕಿಯ ಮುಂಭಾಗದಲ್ಲಿ ತಿರುಗಿಸಿ ಗಾಳಿ ಬಿಡುವ ತ್ರಿಕೋನದ ಸಣ್ಣ ಗಾಜು ಇದೆಯೇ ನೋಡಿ. 1950ರವರೆಗೆ ಅದು ಇರಲಿಲ್ಲ, ಇಡೀ ಕಿಟಕಿಗೆ ಒಂದೇ ಗಾಜು. 1951ರಲ್ಲಿ ಅದು ಬಂತು. ಇನ್ನು ಹೊರಗಿನ ಹಿಡಿ ನೋಡಿ. 1951ರವರೆಗೆ ಹಿಡಿಯನ್ನು ಕೆಳಕ್ಕೆ ತಿರುಗಿಸಿ ಬಾಗಿಲು ತೆರೆಯಬೇಕಿತ್ತು, 1952ರಿಂದ ಹೆಬ್ಬೆರಳಿನಿಂದ ಗುಂಡಿ ಒತ್ತುವ ಹಿಡಿ ಬಂತು. ಈ ಎರಡನ್ನೂ ಕೂಡಿಸಿದರೆ ಸೊಗಸಾದ ಫಲ ಸಿಗುತ್ತದೆ. ತ್ರಿಕೋನದ ಗಾಜೂ ಇದೆ, ಕೆಳಕ್ಕೆ ತಿರುಗುವ ಹಿಡಿಯೂ ಇದೆ ಎಂದಾದರೆ ಆ ಬಾಗಿಲು 1951ರದ್ದೇ, ಬೇರೆ ಯಾವ ವರ್ಷದಲ್ಲೂ ಈ ಜೋಡಿ ಕಾಣಸಿಗದು. ಗಾಡಿಯ ಎರಡೂ ಬಾಗಿಲುಗಳು ಒಂದೇ ಮಾತು ಹೇಳುತ್ತಿವೆಯೇ ಎಂದು ನೋಡಲು ಮರೆಯಬೇಡಿ. ಚಾಲಕನ ಕಡೆಯ ಬಾಗಿಲು ಹೆಚ್ಚು ಸವೆಯುತ್ತದೆ, ಹೆಚ್ಚು ಬದಲಾಗುತ್ತದೆ.

ಮುಂದೆ ಪೆಟ್ರೋಲ್ ಹಾಕುವ ಬಾಯಿ. 1947 ಮತ್ತು 1948ರಲ್ಲಿ ಟ್ಯಾಂಕು ಹಿಂದಿನ ಸರಕುಪೆಟ್ಟಿಗೆಯ ಅಡಿಯಲ್ಲಿತ್ತು, ಅದರ ಬಾಯಿ ಪೆಟ್ಟಿಗೆಯ ಬಲಮಗ್ಗುಲಲ್ಲಿತ್ತು. 1949ರಿಂದ ಟ್ಯಾಂಕನ್ನು ಕ್ಯಾಬಿನ್ನಿನೊಳಗೆ ಸೀಟಿನ ಬೆನ್ನಹಿಂದೆ ನೆಟ್ಟಗೆ ನಿಲ್ಲಿಸಿದರು, ಬಾಯಿ ಬಲಬಾಗಿಲಿನ ಹಿಡಿಯ ಹಿಂದಕ್ಕೆ ಬಂತು. ಕ್ಯಾಬಿನ್ನಿನ ಮೈಯಲ್ಲೇ ತೂತು ಕೊರೆದಿರುವುದರಿಂದ ಈ ಗುರುತನ್ನು ಸುಲಭವಾಗಿ ಅಳಿಸಲಾಗದು. ನನ್ನ ಮಟ್ಟಿಗೆ ಗ್ರಿಲ್ಲಿಗಿಂತಲೂ ಲಾಂಛನಗಳಿಗಿಂತಲೂ ಇದೇ ಹೆಚ್ಚು ನೆಚ್ಚಬಹುದಾದ ಸಾಕ್ಷಿ.

ಕ್ಯಾಬಿನ್ನಿನ ಒಳಗೆ ಕುಳಿತು ನೋಡಿದರೆ ಇನ್ನೂ ಕೆಲವು ಸಿಗುತ್ತವೆ. 1947ರ ಮೂರು ಗೇರಿನ ಗಾಡಿಯಲ್ಲಿ ಗೇರ್ ಲಿವರ್ ನೆಲದಿಂದ ಎದ್ದಿರುತ್ತದೆ, 1948ರಲ್ಲಿ ಅದು ಸ್ಟೀರಿಂಗ್ ಕಂಬಕ್ಕೆ ಏರಿತು. ನಾಲ್ಕು ಗೇರಿನ ಗಾಡಿಗೆ ಈ ಪರೀಕ್ಷೆ ಅನ್ವಯಿಸುವುದಿಲ್ಲ. ಸ್ಪೀಡೋಮೀಟರ್ 1951ರವರೆಗೆ 80 ಮೈಲಿಗೆ ನಿಲ್ಲುತ್ತದೆ, 1952ರಿಂದ 90ರವರೆಗೆ ಹೋಗುತ್ತದೆ. ಕೊರಿಯಾ ಯುದ್ಧದಿಂದಾಗಿ ಲೋಹಗಳಿಗೆ ಕೊರತೆ ಬಿದ್ದ ಕಾಲವದು. 1952ರಲ್ಲಿ ಡ್ಯಾಶ್‌ಬೋರ್ಡಿನ ಹೊಳೆಯುವ ಕ್ರೋಮ್ ಪಟ್ಟಿಗಳು ಹೋಗಿ ಬಣ್ಣದ ಪಟ್ಟಿಗಳು ಬಂದವು, ಆ ವರ್ಷದ ನಡುವಿನಲ್ಲಿ ಗಾಜು ಇಳಿಸುವ ಹಿಡಿಯ ಗುಬ್ಬಿಗಳೂ ಕ್ರೋಮಿನಿಂದ ಕಂದುಗೆಂಪಿಗೆ ಬದಲಾದವು. ಚಾಲಕನ ಕಾಲಬಳಿ, ಗಾಡಿಯ ಎಡಮಗ್ಗುಲಲ್ಲಿ ಗಾಳಿ ಬಿಡುವ ಸಣ್ಣ ಕಿಂಡಿ ಇದ್ದರೆ ಗಾಡಿ 1950 ಅಥವಾ ಅದಕ್ಕಿಂತ ಹಿಂದಿನದು. ಕಿಂಡಿಯ ಹಿಡಿ ಕಂದುಗೆಂಪು ಗುಬ್ಬಿಯಾಗಿರದೆ ಚಪ್ಪಟೆಯ ಉಕ್ಕಿನದಾದರೆ ಅದು 1950ರ ಗುರುತು.

ಬಾನೆಟ್ಟಿನ ಪಕ್ಕದ ಹೆಸರುಪಟ್ಟಿ 1949ರಿಂದ ‘3100’ ಎಂಬಂಥ ಸಂಖ್ಯೆಯನ್ನು ಹೊತ್ತುಕೊಂಡಿತು. ಅರ್ಧ ಟನ್ನಿಗೆ 3100, ಮುಕ್ಕಾಲಿಗೆ 3600, ಒಂದು ಟನ್ನಿಗೆ 3800. 1952ರ ನಡುವಿನಲ್ಲಿ ಸಂಖ್ಯೆ ಹೋಯಿತು, 1953ರಲ್ಲಿ ಹೆಸರು ಹೋಗಿ ಸಂಖ್ಯೆಯೊಂದೇ ದೊಡ್ಡ ಅಕ್ಷರದಲ್ಲಿ ಉಳಿಯಿತು. ಆದರೆ ಎರಡು ತಿರುಪಿನಲ್ಲಿ ಬಿಚ್ಚಿ ಹಾಕಬಹುದಾದ ವಸ್ತುವಿನ ಮೇಲೆ ಹೆಚ್ಚು ಭಾರ ಹಾಕಬಾರದು.

ಚಾಸಿಯ ಅಡಿಯಲ್ಲಿ ಮಲಗಿ ನೋಡಿದರೆ, ಸನ್ನೆಕೋಲಿನಂತೆ ತೋಳು ಆಡುವ ಹಳೆಯ ಶಾಕ್ ಅಬ್ಸಾರ್ಬರ್‌ಗಳ ಬದಲು ಕೊಳವೆಯಂಥವು 1950ರಲ್ಲಿ ಬಂದುದು ಕಾಣುತ್ತದೆ. ಸರಕುಪೆಟ್ಟಿಗೆಯ ನೆಲದ ಹಲಗೆಗಳನ್ನೂ ಎಣಿಸಬಹುದು: 1951ರ ನಡುವಿನವರೆಗೆ ಒಂಬತ್ತು, ಆಮೇಲೆ ಎಂಟು.

1954ರ ಗಾಡಿ ಗುರುತಿಸುವುದು ಸುಲಭ ಎನ್ನುತ್ತಾರೆ, ಏಕೆ?

ಈ ಸರಣಿಯಲ್ಲಿ ದೊಡ್ಡ ಬದಲಾವಣೆಗಳೆಲ್ಲ ಒಟ್ಟಿಗೆ ಬಂದದ್ದು ಆ ವರ್ಷವೇ. ಅಲ್ಲಿಯವರೆಗೆ ನಡುವೆ ಕಂಬಿ ಇದ್ದ ಎರಡು ತುಂಡಿನ ಮುಂಗಾಜು ಬಾಗಿದ ಒಂದೇ ಗಾಜಾಯಿತು. ಐದು ಅಡ್ಡಪಟ್ಟಿಗಳ ಗ್ರಿಲ್ ಹೋಗಿ, ಅಡ್ಡಲಾಗಿಯೂ ನೆಟ್ಟಗೂ ದಪ್ಪ ಪಟ್ಟಿಗಳು ಕೂಡುವ ಗ್ರಿಲ್ ಬಂತು. ಅದನ್ನು ಅಲ್ಲಿಯವರು ‘ಗೂಳಿಮೂತಿ’ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಡ್ಯಾಶ್‌ಬೋರ್ಡ್, ಸ್ಟೀರಿಂಗ್ ಚಕ್ರ ಎರಡೂ ಹೊಸವು. ಸರಕುಪೆಟ್ಟಿಗೆಯ ಮೇಲಂಚು ಹಿಂದೆ ಓರೆಯಾಗಿದ್ದದ್ದು ಈಗ ಸಮತಟ್ಟಾಯಿತು, ಹಿಂದಿನ ದೀಪ ಆಯತಾಕಾರದಿಂದ ದುಂಡಗಾಯಿತು. ಎಂಜಿನ್ನು 216 ಘನ ಅಂಗುಲದಿಂದ 235ಕ್ಕೆ ಏರಿತು. ಹೈಡ್ರಾಮ್ಯಾಟಿಕ್ ಎಂಬ ತಾನಾಗಿ ಬದಲಾಗುವ ಗೇರ್‌ಪೆಟ್ಟಿಗೆಯನ್ನು ಬೇಕಿದ್ದವರು ಹಾಕಿಸಿಕೊಳ್ಳಬಹುದಾಗಿತ್ತು.

1947ರ ಮತ್ತು 1955ರ ಗಾಡಿಗಳಲ್ಲಿ ಎರಡೆರಡು ಬಗೆ ಏಕಿವೆ?

ಎರಡೂ ವರ್ಷಗಳು ಸರಣಿ ಬದಲಾದ ವರ್ಷಗಳು. 1947ರ ಮೊದಲ ತಿಂಗಳುಗಳಲ್ಲಿ 1941ರಿಂದ ನಡೆದುಬಂದ ಹಳೆಯ ವಿನ್ಯಾಸದ ಟ್ರಕ್‌ಗಳೇ ತಯಾರಾಗುತ್ತಿದ್ದವು, ಬೇಸಿಗೆಯಲ್ಲಿ ಹೊಸ ಸರಣಿ ಬಂತು. ಹಾಗೆಯೇ 1955ರ ಆರಂಭದಲ್ಲಿ 1954ರ ರೂಪವೇ ಮುಂದುವರಿಯಿತು, ಮಾರ್ಚ್ ಕೊನೆಯಲ್ಲಿ ‘ಟಾಸ್ಕ್ ಫೋರ್ಸ್’ ಎಂಬ ಸಂಪೂರ್ಣ ಬೇರೆ ಗಾಡಿ ಬಂತು. ಪಕ್ಕಕ್ಕೆ ಸುತ್ತಿಕೊಂಡ ಮುಂಗಾಜು, 12 ವೋಲ್ಟಿನ ವಿದ್ಯುತ್ತು, ಬೇಕಿದ್ದವರಿಗೆ ವಿ8 ಎಂಜಿನ್ ಇವು ಅದರವು.

1955ರ ಮೊದಲ ಸರಣಿಯ ಅರ್ಧ ಟನ್ನಿನ ಗಾಡಿಯನ್ನು 1954ರದರಿಂದ ಬೇರ್ಪಡಿಸಲು ಎರಡು ಗುರುತುಗಳಿವೆ. ಬಾನೆಟ್ಟಿನ ಪಕ್ಕದ ಲಾಂಛನ ಬದಲಾಗಿರುತ್ತದೆ. ಇನ್ನೊಂದಕ್ಕೆ ಗಾಡಿಯ ಅಡಿಗೆ ಹೋಗಬೇಕು: 1954ರವರೆಗೆ ಗೇರ್‌ಪೆಟ್ಟಿಗೆಯಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಶಾಫ್ಟು ದಪ್ಪ ಕೊಳವೆಯೊಳಗೆ ಮುಚ್ಚಿಕೊಂಡಿತ್ತು, 1955ರಲ್ಲಿ ಅದು ಬಯಲಾಗಿ ತಿರುಗತೊಡಗಿತು.

ಎಂಜಿನ್ನಿನ ಮೇಲಿನ ದಿನಾಂಕದಿಂದ ಗಾಡಿಯ ವರ್ಷ ತಿಳಿಯುವುದೇ?

ಎಂಜಿನ್ನಿನ ವರ್ಷ ತಿಳಿಯುತ್ತದೆ, ಗಾಡಿಯದು ತಿಳಿಯುತ್ತದೆ ಎಂಬ ಭರವಸೆ ಇಲ್ಲ. ಬ್ಲಾಕನ್ನು ಎರಕ ಹೊಯ್ಯುವಾಗಲೇ ಅದರ ಮೈಯಲ್ಲಿ ತಿಂಗಳಿನ ಅಕ್ಷರ, ದಿನ, ವರ್ಷದ ಕೊನೆಯ ಅಂಕಿ ಮೂಡಿರುತ್ತವೆ. ‘ಸಿ 14 0’ ಎಂದರೆ ಮಾರ್ಚ್ 14, 1950. ದಶಕ ಬರೆದಿರುವುದಿಲ್ಲವಾದ್ದರಿಂದ 1940 ಅಥವಾ 1960 ಏಕಲ್ಲ ಎಂಬುದನ್ನು ಎಂಜಿನ್ನಿನ ಬಗೆ ನೋಡಿ ತೀರ್ಮಾನಿಸಬೇಕು. ಡಿಸ್ಟ್ರಿಬ್ಯೂಟರ್ ಬಳಿ ಚಪ್ಪಟೆಯಾದ ಜಾಗದಲ್ಲಿ ಒತ್ತಿರುವ ಸಂಖ್ಯೆ ಇದರಿಂದ ಬೇರೆ, ಅದು ಎಂಜಿನ್ನಿನ ಸ್ವಂತ ಸಂಖ್ಯೆ.

ಆದರೂ ಈ ದಿನಾಂಕಕ್ಕೆ ಒಂದು ದೊಡ್ಡ ಬೆಲೆ ಇದೆ. ಎರಕ ಮೊದಲು, ಗಾಡಿ ಆಮೇಲೆ. ಫಲಕ ಏಪ್ರಿಲ್ 1950 ಎನ್ನುತ್ತಿದ್ದು ಬ್ಲಾಕು ಮಾರ್ಚ್ 1950 ಎಂದರೆ, ಆ ಎಂಜಿನ್ನು ಆ ಗಾಡಿಯ ಜೊತೆಯಲ್ಲೇ ಹುಟ್ಟಿರುವ ಸಂಭವ ಬಲವಾಗಿದೆ. ಬ್ಲಾಕಿನ ದಿನಾಂಕ ಗಾಡಿಯದಕ್ಕಿಂತ ಮುಂದಿದ್ದರೆ ಎಂಜಿನ್ ಬದಲಾಗಿದೆ, ಅನುಮಾನವೇ ಬೇಡ. 216ರ ಎಂಜಿನ್ನಿನಲ್ಲಿ ಕನೆಕ್ಟಿಂಗ್ ರಾಡಿನ ಬೇರಿಂಗುಗಳಿಗೆ ಎಣ್ಣೆ ಒತ್ತಡದಿಂದ ಬರುತ್ತಿರಲಿಲ್ಲ, ಚಿಮ್ಮಿ ಬೀಳುತ್ತಿತ್ತು. ಹೆದ್ದಾರಿಯ ವೇಗಕ್ಕೆ ಅದು ತಡೆಯದೆಂದು ನಂತರದ 235ನ್ನು ಕೂರಿಸಿಕೊಂಡ ಮಾಲೀಕರು ಲೆಕ್ಕವಿಲ್ಲದಷ್ಟು ಮಂದಿ. ಹಾಗಾಗಿ ‘235 ಇದೆ, ಆದ್ದರಿಂದ 1954’ ಎಂಬ ವಾದ ನಿಲ್ಲುವುದಿಲ್ಲ.

ನನ್ನ ಗಾಡಿಗೆ ಹಿಂಬದಿಯ ಮೂಲೆಗಳಲ್ಲೂ ಗಾಜುಗಳಿವೆ. ಇದು ಯಾವ ವರ್ಷದ ಗುರುತು?

ಯಾವ ವರ್ಷದ್ದೂ ಅಲ್ಲ. ‘ಐದು ಕಿಟಕಿ’ಯ ಆ ಕ್ಯಾಬಿನ್ ಹೆಚ್ಚು ಹಣ ಕೊಟ್ಟವರಿಗೆ ಸರಣಿಯ ಉದ್ದಕ್ಕೂ ಸಿಗುತ್ತಿತ್ತು.

ಜಿಎಂಸಿ ಗಾಡಿಗೂ ಇವೇ ನಿಯಮಗಳೇ?

ಜಿಎಂಸಿ ಎಂಬುದು ಜನರಲ್ ಮೋಟರ್ಸ್ ಕಂಪನಿಯದೇ ಇನ್ನೊಂದು ಟ್ರಕ್ ಬ್ರ್ಯಾಂಡ್. ಕ್ಯಾಬಿನ್ನು ಹಂಚಿಕೊಂಡದ್ದಾದ್ದರಿಂದ ಬಾಗಿಲಿನ ಗುರುತುಗಳು ಬಹುಮಟ್ಟಿಗೆ ನೆರವಾಗುತ್ತವೆ. ಎಂಜಿನ್ನು, ಗ್ರಿಲ್ಲು, ಸಂಖ್ಯೆ ಬರೆಯುವ ಕ್ರಮ ಬೇರೆ. ಮೇಲಿನ ಅಕ್ಷರಪಟ್ಟಿಯನ್ನು ಜಿಎಂಸಿ ಫಲಕಕ್ಕೆ ಹಚ್ಚಬಾರದು.

ಗುರುತುಗಳು ಒಂದಕ್ಕೊಂದು ಹೊಂದದಿದ್ದರೆ ಯಾವುದನ್ನು ನಂಬಬೇಕು?

ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕು ಎನ್ನುತ್ತೇವೆ, ಆದರೆ ಹಳೆಯ ಗಾಡಿಯ ವಿಷಯದಲ್ಲಿ ಆ ಮಾತು ನಡೆಯುವುದಿಲ್ಲ. ಇವು ಹೊಲದಲ್ಲಿ, ತೋಟದಲ್ಲಿ, ಪೇಟೆಯಲ್ಲಿ ದುಡಿದ ಗಾಡಿಗಳು. ಬಾಗಿಲು ನಜ್ಜುಗುಜ್ಜಾದರೆ ಗುಜರಿಯಿಂದ ಸಿಕ್ಕ ಬಾಗಿಲನ್ನು ತಂದು ಹಾಕಿದರು, ಅದರ ವರ್ಷವನ್ನು ಯಾರೂ ಕೇಳಲಿಲ್ಲ. ಆದ್ದರಿಂದ ನಾನು ಗುರುತುಗಳನ್ನು ಕಳಚುವ ಕಷ್ಟದ ಮೇಲೆ ತೂಗುತ್ತೇನೆ. ಲಾಂಛನ, ಗ್ರಿಲ್, ದೀಪಗಳಿಗೆ ಎಲ್ಲಕ್ಕಿಂತ ಕಡಿಮೆ ತೂಕ. ಬಾಗಿಲು, ಸರಕುಪೆಟ್ಟಿಗೆ, ಎಂಜಿನ್ನು ಅವಕ್ಕಿಂತ ಮೇಲು. ಪೆಟ್ರೋಲ್ ಬಾಯಿಯ ತೂತು, ಎಡಮಗ್ಗುಲಿನ ಗಾಳಿಕಿಂಡಿ, ಮುಂಗಾಜಿನ ಚೌಕಟ್ಟು ಮುಂತಾಗಿ ಕ್ಯಾಬಿನ್ನಿನ ತಗಡಿನಲ್ಲೇ ಕತ್ತರಿಸಿದವಕ್ಕೆ ಎಲ್ಲಕ್ಕಿಂತ ಹೆಚ್ಚು.

ಹೀಗೊಂದು ಗಾಡಿಯನ್ನು ಮಾರುವವರು 1954 ಎಂದಿದ್ದರು. ಹಿಂದೆ ದುಂಡು ದೀಪ, ಪೆಟ್ಟಿಗೆಯ ಮೇಲಂಚು ಸಮತಟ್ಟು, ಎಂಜಿನ್ 235. ಆದರೆ ಮುಂಗಾಜು ಎರಡು ತುಂಡಿನದು, ಬಾಗಿಲಿಗೆ ತ್ರಿಕೋನದ ಗಾಜಿಲ್ಲ, ಎಡಮಗ್ಗುಲಲ್ಲಿ ಕಿಂಡಿ ಇದೆ, ಪೆಟ್ರೋಲ್ ಬಾಯಿ ಕ್ಯಾಬಿನ್ನಿನಲ್ಲಿದೆ. ಅಂದರೆ ಕ್ಯಾಬಿನ್ನು 1949 ಅಥವಾ 1950ರದು. ಕಿಂಡಿಯ ಹಿಡಿಗೆ ಕಂದುಗೆಂಪು ಗುಬ್ಬಿ ಇದ್ದುದರಿಂದ 1949ರ ಕಡೆಗೆ ತಕ್ಕಡಿ ವಾಲಿತು. ಬಣ್ಣ ಬಿಡಿಸಿದ ಮೇಲೆ ಫಲಕದಲ್ಲಿ ಜಿ ಅಕ್ಷರವೇ ಕಾಣಿಸಿತು.

ಫಲಕವನ್ನು ಬಿಚ್ಚಿ ಹೊಳಪು ಹಾಕಿಸಬಹುದೇ?

ದಯವಿಟ್ಟು ಬಿಚ್ಚಬೇಡಿ. ಕಾರ್ಖಾನೆಯ ಮೂಲ ರಿವೆಟ್ ಹೋದರೆ ಫಲಕ ಆ ಗಾಡಿಯದೇ ಎಂಬುದಕ್ಕೆ ಇದ್ದ ಆಧಾರವೂ ಹೋಗುತ್ತದೆ. ಗುರುತಿನ ಸಂಖ್ಯೆಯನ್ನು ಅಳಿಸುವುದು ಮತ್ತು ತಿದ್ದುವುದು ಅಮೆರಿಕದಲ್ಲಿ ಅಪರಾಧ.

ಭಾರತದಲ್ಲಿ ಸಿಗುವ ಶೆವ್ರೊಲೆ ಗಾಡಿಗೆ ಈ ಗುರುತುಗಳು ಅನ್ವಯಿಸುತ್ತವೆಯೇ?

ಭಾಗಶಃ. ಜನರಲ್ ಮೋಟರ್ಸ್ 1928ರಿಂದ 1954ರವರೆಗೆ ಮುಂಬಯಿಯಲ್ಲಿ ಬಿಡಿಭಾಗಗಳನ್ನು ತರಿಸಿ ಶೆವ್ರೊಲೆ ಕಾರು ಮತ್ತು ಟ್ರಕ್‌ಗಳನ್ನು ಜೋಡಿಸುತ್ತಿತ್ತು. ಇಲ್ಲಿನ ಗಾಡಿಗೆ ಸ್ಟೀರಿಂಗ್ ಬಲಗಡೆಗಿರುವುದರಿಂದ ‘ಚಾಲಕನ ಕಡೆ’ ಎಂದು ಮೇಲೆ ಹೇಳಿದ್ದನ್ನು ಕಣ್ಣುಮುಚ್ಚಿ ಒಪ್ಪಬಾರದು, ಎರಡೂ ಕಡೆ ಹುಡುಕಬೇಕು. ಚಾಸಿಯನ್ನು ಕೊಂಡು ಹಿಂದಿನ ಪೆಟ್ಟಿಗೆಯನ್ನು ಸ್ಥಳೀಯ ಬಡಗಿಗಳಿಂದ ಕಟ್ಟಿಸುವ ರೂಢಿ ನಮ್ಮಲ್ಲಿ ಇದ್ದುದರಿಂದ ಹಲಗೆ ಎಣಿಸಿ ಫಲವಿಲ್ಲ. ಬಾಗಿಲು, ಮುಂಗಾಜು, ಎಂಜಿನ್ನಿನ ಎರಕದ ದಿನಾಂಕ ಇವೇ ಇಲ್ಲಿ ಕೈಹಿಡಿಯುತ್ತವೆ.

ಆರ್‌ಸಿ ಪುಸ್ತಕದ ಸಂಖ್ಯೆ ‘ಎಂವೈ’ ಎಂದು ಆರಂಭವಾಗಿದ್ದರೆ ಗಾಡಿ ಮೈಸೂರು ರಾಜ್ಯದ ಕಾಲದ ನೋಂದಣಿ ಪಡೆದದ್ದು ಎಂದಷ್ಟೇ ತಿಳಿಯುತ್ತದೆ. ಬೇರೆ ಪ್ರಾಂತದಿಂದ ಬಂದು ಇಲ್ಲಿ ಮರುನೋಂದಣಿಯಾಗಿದ್ದರೆ ಆ ಸಂಖ್ಯೆಗೂ ತಯಾರಿಕೆಯ ವರ್ಷಕ್ಕೂ ಅಂತರವಿರುತ್ತದೆ. ಪುಸ್ತಕದ ಒಳಪುಟಗಳಲ್ಲಿ ಹಳೆಯ ಸಂಖ್ಯೆ, ಹಿಂದಿನ ಮಾಲೀಕರು, ಚಾಸಿ ಸಂಖ್ಯೆ ಬರೆದಿರುವ ಸಾಲುಗಳನ್ನು ಒಂದೊಂದಾಗಿ ಓದಿ.

ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ತಂದಿದ್ದು, ಅದರಡಿ ‘ವಿಎ’ ಅಕ್ಷರಗಳ ಪ್ರತ್ಯೇಕ ಸಂಖ್ಯೆ ಸಿಗುತ್ತದೆ. ವಿಂಟೇಜ್ ಎನಿಸಿಕೊಳ್ಳಲು ಗಾಡಿಗೆ 50 ವರ್ಷ ದಾಟಿರಬೇಕು, ಅದನ್ನು ಎಣಿಸುವುದು ಮೊದಲ ನೋಂದಣಿಯ ದಿನದಿಂದ. ಹಾಗಾಗಿ ಆ ಕಚೇರಿಯ ಕೆಲಸಕ್ಕೆ ಹಳೆಯ ಆರ್‌ಸಿ ಪುಸ್ತಕವೇ ಮುಖ್ಯ, ಬಿಡಿಭಾಗ ತರಿಸುವ ಕೆಲಸಕ್ಕೆ ಫಲಕವೇ ಮುಖ್ಯ. ನಿಯಮವು ವೈಯಕ್ತಿಕ ಬಳಕೆಯ ವಾಹನಗಳಿಗಾಗಿ ರೂಪಿಸಿದ್ದಾದ್ದರಿಂದ, ನಿಮ್ಮ ಪಿಕಪ್ ಪುಸ್ತಕದಲ್ಲಿ ಸರಕು ವಾಹನವೆಂದು ದಾಖಲಾಗಿದ್ದರೆ ಖರ್ಚಿಗೆ ಕೈಹಾಕುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.